ಧಾರವಾಡದ ತನಕ ನಿದ್ದೆ

ನಾಗರತ್ನಾಳ ರಿಪೋರ್ಟುಗಳೆಲ್ಲ ನಾರ್ಮಲ್ ಬಂದ ದಿನ ಅವಳ ಗಂಡ ರಾಜಶೇಖರ ನಮ್ಮ ಓಣಿಗೆಲ್ಲ ಪೇಢೆ ಹಂಚಿದ. ರಕ್ತ, ಎಕ್ಸ್-ರೇ, ಸೊಂಟದ ಎಂ.ಆರ್.ಐ., ಯಾವುದರಲ್ಲಿಯೂ ಏನೂ ಇರಲಿಲ್ಲ. "ಎಲ್ಲಾ ಕ್ಲಿಯರ್ ಅಂತ್ರಿ ಅಕ್ಕೋರ!" ಎನ್ನುತ್ತ ನನ್ನ ಕೈಯಲ್ಲಿ ಎರಡು ಪೇಢೆ ಇಟ್ಟ. ನಾನು ಮೂವತ್ತೆರಡು ವರ್ಷ ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಓಣಿಗೆ ನಾನು ಇಂದಿಗೂ ಅಕ್ಕೋರೇ. ಏನೂ ಇಲ್ಲವೆಂದ ಮೇಲೆ ಆ ಹೆಣ್ಣುಮಗಳು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಯಾಕೆ ನಡೆಯುತ್ತಾಳೆ ಎಂದು ನಾನಾದರೂ ಕೇಳಬೇಕಿತ್ತು. ಕೇಳಲಿಲ್ಲ. ಪೇಢೆ ಚೆನ್ನಾಗಿತ್ತು, ತಿಂದೆ.

ರಾಜಶೇಖರನನ್ನು ಬೈದು ಪ್ರಯೋಜನವಿಲ್ಲ. ಅವನು ಅಮರಗೋಳದ ಮಾರ್ಕೆಟ್ಟಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವವನು. ಚೀಲಕ್ಕೆ ಚುಚ್ಚಿ ಒಂದು ಮುಷ್ಟಿ ತೆಗೆದು ನೋಡಿದಾಗ ಕಾಳು ಚೊಕ್ಕ ಇದ್ದರೆ ಇಡೀ ಚೀಲ ಚೊಕ್ಕ ಎಂಬುದು ಅವನ ಕಸುಬಿನ ನಂಬಿಕೆ. ಹೆಂಡತಿಯ ಮೈಯನ್ನೂ ಹಾಗೆಯೇ ನೋಡಿದ. ಹೆಂಡತಿಗೆ ದೊಡ್ಡ ರೋಗವಿಲ್ಲವೆಂದು ಅವನಿಗೆ ಖುಷಿಯಾದದ್ದು ಖರೆ. ಆದರೆ ಪೇಢೆ ಹಂಚಿದ ದಿನದಿಂದ ನಾಗರತ್ನಾಳಿಗೆ "ನೋವು" ಎನ್ನುವ ಹಕ್ಕೇ ಹೋಯಿತು. "ಅಯ್ಯ, ನಾರ್ಮಲ್ ಬಂದೈತೆಲ್ಲವಾ!" ಎಂದು ಓಣಿಯೇ ಅವಳ ಬಾಯಿ ಮುಚ್ಚಿಸುತ್ತಿತ್ತು.

ಎರಡು ವರ್ಷದ ಹಿಂದೆ ಅವರ ಮನೆಯವರಿಗೆಲ್ಲ ಚಿಕೂನ್‌ಗುನ್ಯಾ ಬಂದಿತ್ತು. ಗಂಡ ಹದಿನೈದು ದಿನಕ್ಕೆ ಎದ್ದ. ಕಾಲೇಜಿಗೆ ಹೋಗುವ ಮಗ ವಿಶಾಲ ಎಂಟೇ ದಿನಕ್ಕೆ ಬೈಕು ಹತ್ತಿದ. ಎಪ್ಪತ್ತೈದರ ಅತ್ತೆ ರತ್ನವ್ವ ಕೂಡ ಒಂದೂವರೆ ತಿಂಗಳಿಗೆ ಮೊದಲಿನಂತಾದರು. ನಲವತ್ತೇಳರ ನಾಗರತ್ನಾಳಿಗೆ ಮಾತ್ರ ಜ್ವರ ಹೋಯಿತು, ನೋವು ಹೋಗಲಿಲ್ಲ. ಮಣಿಕಟ್ಟು, ಬೆರಳಿನ ಗೆಣ್ಣು, ಹಿಮ್ಮಡಿ, ಸೊಂಟ, ಒಂದಾದ ಮೇಲೆ ಒಂದು ಪಾಳಿ ಹಚ್ಚಿ ನೋಯುತ್ತಿದ್ದವು. ಎಡಕ್ಕೆ ಮಲಗಿದರೆ ಎಡಗೈ, ಬಲಕ್ಕೆ ಹೊರಳಿದರೆ ಸೊಂಟ. ಹೊರಳಿ ಹೊರಳಿ ಕಣ್ಣು ಹತ್ತುವ ಹೊತ್ತಿಗೆ ಬೆಳಗಾಗುತ್ತಿತ್ತು, ರತ್ನವ್ವನವರ ಮೊದಲ "ನಾಗೂ" ಕೇಳುತ್ತಿತ್ತು.

ಆ "ನಾಗೂ" ನಮ್ಮ ಮನೆಗೂ ಕೇಳುತ್ತದೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಪೂಜೆಗೆ ಹೂ ಎಲ್ಲಿ ನಾಗೂ, ಓದೂ ಚಾಳೀಸು ಎಲ್ಲಿಟ್ಟೆ ನಾಗೂ, ಹಾಲು ಉಕ್ಕಾಕತ್ತೈತಿ ನೋಡ ನಾಗೂ. ಹಾಗಂತ ರತ್ನವ್ವ ಕೆಟ್ಟ ಅತ್ತೆಯಲ್ಲ. ಸೊಸೆಗೆ ಒಂದು ದಿನವೂ ಕೆಟ್ಟ ಮಾತಾಡಿದ್ದನ್ನು ನಾನು ಕೇಳಿಲ್ಲ. ತಮ್ಮ ಕೈಯಿಂದ ಅವಳ ಕಾಲಿಗೆ ಎಳ್ಳೆಣ್ಣೆ ತಿಕ್ಕಿದವರು, ಉಪ್ಪು ಹುರಿದು ಅರಿವೆಯಲ್ಲಿ ಕಟ್ಟಿ ಶಾಖ ಕೊಟ್ಟವರು. ಆದರೆ ಒಂದು ನೇಮ ಮಾತ್ರ ಅವರದು ಕಲ್ಲಿನಂಥದ್ದು. "ಹೊತ್ತು ಇರೂ ಮುಂದ ಹೆಣ್ಣಮಗಳು ಹಾಸಿಗಿ ಹಾಸಿದ್ರ, ಲಕ್ಷ್ಮಿ ತನ್ನ ಹಾಸಿಗಿ ಸುತ್ತಿಕೊಂಡು ಹೊಂಟ ಹೋಗ್ತಾಳ." ಆ ಮನೆಯಲ್ಲಿ ಬಾಣಂತಿಯನ್ನು ಬಿಟ್ಟರೆ ಹಗಲು ಮಲಗಿದ ಹೆಂಗಸಿಲ್ಲ. ನಾಗರತ್ನಾ ಮಧ್ಯಾಹ್ನ ಗೋಡೆಗೆ ಒರಗಿ ಕಣ್ಣು ಮುಚ್ಚಿದರೂ ಐದು ನಿಮಿಷಕ್ಕೆ ಒಂದು ಕೂಗು ಬರುತ್ತಿತ್ತು.

ಧಾರವಾಡದ ಹಾದಿಯಲ್ಲಿರುವ ಸತ್ತೂರಿನ ದೊಡ್ಡ ದವಾಖಾನೆಗೆ ಒಮ್ಮೆ ತೋರಿಸು ಎಂದು ಯಾರೋ ಹೇಳಿದರು. ಸುಗ್ಗಿಯ ಕಾಲ, ಗಂಡನಿಗೆ ಬಿಡುವಿಲ್ಲ. ಬೆಳಗಿನ ಕೆಲಸ ಮುಗಿಸಿ, ರಿಪೋರ್ಟಿನ ಚೀಲ ಹಿಡಿದು ಒಬ್ಬಳೇ ರೈಲ್ವೆ ಸ್ಟೇಷನ್ ಹತ್ತಿರ ಧಾರವಾಡಕ್ಕೆ ಹೋಗುವ ಚಿಗರಿ ಎಂಬ ಬಸ್ಸು ಹತ್ತಿದಳು. ಎ.ಸಿ. ಬಸ್ಸು, ಬಾಗಿಲು ಮುಚ್ಚಿದರೆ ಹೊರಗಿನ ಸದ್ದಿಲ್ಲ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊಸೂರ ದಾಟಿದ್ದು ನೆನಪಿದೆಯಂತೆ. ಆಮೇಲೆ ಯಾರೋ "ಅವ್ವಾರ, ಅವ್ವಾರ, ಲಾಸ್ಟ್ ಸ್ಟಾಪ್ ಬಂತ್ರಿ" ಎಂದಾಗಲೇ ಕಣ್ಣು ಬಿಟ್ಟದ್ದು. ಎದುರಿಗೆ ನಿಲ್ದಾಣದ ಸೆಕ್ಯುರಿಟಿ ಅಜರುದ್ದೀನ ನಿಂತಿದ್ದ. ಸತ್ತೂರ ಎಂದೋ ಹಿಂದೆ ಹೋಗಿತ್ತು, ಬಸ್ಸು ಧಾರವಾಡ ಮುಟ್ಟಿತ್ತು.

"ಅಕ್ಕೋರ, ನಾ ಅಲ್ಲೇ ಅತ್ತಬಿಟ್ಟೇನ್ರಿ," ಎಂದು ಎಷ್ಟೋ ದಿನದ ಮೇಲೆ ನನಗೆ ಹೇಳಿದಳು. "ನಿದ್ದಿ ಅಂದ್ರ ಹಿಂಗ ಇರತಿತ್ತು ಅನ್ನೂದ ನಂಗ ಮರತ ಹೋಗಿತ್ತು."

ತಿರುಗಿ ಸತ್ತೂರಿಗೆ ಬಂದು ಡಾಕ್ಟರನ್ನು ಕಂಡಳು. ಸ್ನೇಹಲ್ ಎಂಬ ಸಣ್ಣ ವಯಸ್ಸಿನ ಡಾಕ್ಟರಮ್ಮ. ಆಕೆ ರಿಪೋರ್ಟುಗಳನ್ನು ನೋಡಿ ಬದಿಗಿಟ್ಟು, ನಾಗರತ್ನಾಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರಂತೆ. "ರಿಪೋರ್ಟ್ ನಾರ್ಮಲ್ ಅಂದ್ರ ನೋವಿಲ್ಲ ಅಂತ ಅರ್ಥ ಅಲ್ರಿ. ಈ ಜ್ವರ ಬಂದು ಹೋದ ಮ್ಯಾಲೂ ಕೆಲವರಿಗೆ ನೋವು ವರ್ಷಗಟ್ಟಲೆ ಉಳೀತದ. ಪೂರಾ ತೆಗೀತೀನಿ ಅಂತ ನಾ ಸುಳ್ಳ ಹೇಳಂಗಿಲ್ಲ. ಆದ್ರ ನಿದ್ದಿ ಇಲ್ದ ಇದ್ರ ನೋವು ಎರಡರಷ್ಟಾಗ್ತದ. ಛಲೋ ನಿದ್ದಿ ಯಾವಾಗ ಮಾಡಿದ್ರಿ?"

"ಇವತ್ತ್ರಿ. ಬಸ್ಸಿನ್ಯಾಗ."

ಡಾಕ್ಟರಮ್ಮ ನಗಲಿಲ್ಲ. ಸ್ವಲ್ಪ ಗುಳಿಗೆ, ಸ್ವಲ್ಪ ನಿಧಾನದ ವ್ಯಾಯಾಮ ಬರೆದುಕೊಟ್ಟರು. "ರಾತ್ರಿ ನಿದ್ದಿ ಸರಿಹೋಗೂತನಕ ದಿನಾ ಮಧ್ಯಾಹ್ನ ಒಂದ ತಾಸು ಮಲಗ್ರಿ. ಗುಳಗಿ ತಪ್ಪಿದ್ರೂ ಚಿಂತಿಲ್ಲ, ಇದು ತಪ್ಪಬಾರದು," ಎಂದರು. ಎಲ್ಲಿ ಮಲಗಬೇಕು ಎಂಬುದನ್ನು ಚೀಟಿಯಲ್ಲಿ ಬರೆದಿರಲಿಲ್ಲ.

ಮನೆ ಮುಟ್ಟಿದಾಗ ಐದು ಹೊಡೆದಿತ್ತು. ರತ್ನವ್ವ ಕಟ್ಟೆಯ ಮೇಲೆ ದಾರಿ ಕಾಯುತ್ತ ಕುಳಿತಿದ್ದರು.

"ಇಷ್ಟೊತ್ತನಕ ಎಲ್ಲಿದ್ದಿ ನಾಗೂ? ಜೀವ ಬಾಯಿಗೆ ಬಂದಿತ್ತು ನನಗ."

ಬಸ್ಸಿನಲ್ಲಿ ಮಲಗಿಬಿಟ್ಟಿದ್ದೆ, ನಾಳೆಯಿಂದ ಮಧ್ಯಾಹ್ನ ಮಲಗಬೇಕಂತೆ ಎಂದು ಹೇಳಲು ನಾಗರತ್ನಾಳಿಗೆ ಬಾಯಿ ಬರಲಿಲ್ಲ. "ಗದ್ದಗಿಗೆ ಹೋಗಿದ್ದೆರಿ ಅತ್ತಿ, ಧಾರವಾಡಕ್ಕ. ಹರಕಿ ಹೊತ್ತೇನಿ. ಇಪ್ಪತ್ತೊಂದ ದಿನ."

ಸುಳ್ಳು ಹೇಳಿ ರೂಢಿಯಿಲ್ಲದವರ ಗತಿ ಇದು. ಸಣ್ಣದೊಂದು ಸುಳ್ಳು ಸಾಕಾಗುವ ಕಡೆ ದೇವರನ್ನೇ ಎಳೆದು ತರುತ್ತಾರೆ. ಧಾರವಾಡದಲ್ಲಿ ಲಿಂಗೈಕ್ಯನಾದ ಸ್ವಾಮಿ ಅಜ್ಜನ ಆ ಗದ್ದುಗೆ ರತ್ನವ್ವನವರ ತವರಿನವರು ನಡೆದುಕೊಳ್ಳುವ ಜಾಗ. ಹೆಸರು ನಾನು ಹೇಳುವುದಿಲ್ಲ, ನಾಳೆ ಅಲ್ಲಿಂದ ಯಾರಾದರೂ ಬಂದು ನನ್ನ ಬಾಗಿಲು ಬಡಿದಾರು. ರತ್ನವ್ವ ಅಲ್ಲಿಯೇ ಕೈಮುಗಿದರು. "ಇದು ಬುದ್ಧಿವಂತರ ಕೆಲಸ. ಎಲ್ಲಾ ಡಾಕ್ಟರಕಿಂತ ಅಜ್ಜ ದೊಡ್ಡಾವ. ಮಧ್ಯಾಹ್ನದ ಕೆಲಸ ನಾ ನೋಡ್ಕೋತೇನಿ, ನೀ ನಿಶ್ಚಿಂತಿ ಹೋಗಿ ಬಾ."

ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ. ಸೊಸೆ ಮಲಗುತ್ತೇನೆಂದರೆ ಐದು ನಿಮಿಷ ಸಿಗದ ಮನೆಯಲ್ಲಿ, ದೇವರ ಹೆಸರು ಹೇಳಿದ ಕೂಡಲೇ ಮೂರು ತಾಸು ಸಿಕ್ಕವು.

ಮರುದಿನದಿಂದ ನಾಗರತ್ನಾ ಮಧ್ಯಾಹ್ನ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಡುತ್ತಿದ್ದಳು. ಬಸ್ಸು ಹತ್ತಿ ಧಾರವಾಡದ ತನಕ ಮಲಗುವುದು. ಅಜರುದ್ದೀನ ಎಬ್ಬಿಸಿದ ಮೇಲೆ ಇಳಿದು, ಅಂಗಡಿಯಲ್ಲಿ ಪ್ರಸಾದಕ್ಕೆಂದು ಕಲ್ಲುಸಕ್ಕರೆ ಕೊಳ್ಳುವುದು, ಮತ್ತೆ ಟಿಕೆಟ್ ತೆಗೆದುಕೊಂಡು ಹುಬ್ಬಳ್ಳಿಯ ತನಕ ಮಲಗುವುದು. ಗದ್ದುಗೆ ಇರುವ ದಿಕ್ಕಿಗೆ ನಿಲ್ದಾಣದಿಂದಲೇ ಕೈಮುಗಿದು "ತಪ್ಪಾತೋ ಅಜ್ಜಾ" ಎನ್ನುತ್ತಿದ್ದಳಂತೆ.

ಒಂಬತ್ತು ದಿನದಲ್ಲಿ ಅವಳ ಮುಖ ಬದಲಾಯಿತು. ಕಣ್ಣಿನ ಸುತ್ತಲಿನ ಕಪ್ಪು ಇಳಿಯಿತು. ನೋವು ಇದ್ದೇ ಇತ್ತು, ಆದರೆ ಅದರ ಜೊತೆಗೆ ಇರಲು ಬರುತ್ತಿತ್ತು. ಎಂಟು ತಿಂಗಳಿಂದ ರೊಟ್ಟಿ ಬಡಿಯಲಾಗದವಳು ಒಂದು ಬೆಳಿಗ್ಗೆ ನಾಲ್ಕು ರೊಟ್ಟಿ ಬಡಿದಳು. ಗೋಡೆಯಾಚೆ ಆ ಸದ್ದು ಕೇಳಿ ನಾನೇ ಬೆರಗಾದೆ. ರತ್ನವ್ವ ಸೋಮವಾರದ ಭಜನೆಯಲ್ಲಿ ಎಲ್ಲರ ಮುಂದೆ ಸಾರಿದರು. "ಅಜ್ಜ ಕಣ್ಣ ತೆರದಾನ್ರಿ. ನನ್ನ ಸೊಸಿ ಮತ್ತ ರೊಟ್ಟಿ ಬಡ್ಯಾಕತ್ತಾಳ."

ಇನ್ನು ಕೇಳಬೇಕೆ? ಮರುದಿನ ಬೆಳಿಗ್ಗೆ ಅವರ ಕಟ್ಟೆಯ ಮೇಲೆ ತೆಂಗಿನಕಾಯಿಗಳ ಸಾಲು. ಒಬ್ಬರಿಗೆ ಮಗಳ ಲಗ್ನ ಕೂಡಬೇಕು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ ಇಳಿಯಬೇಕು. ನಮ್ಮದೆಲ್ಲ ಒಂದೊಂದು ಕಾಯಿ ಅಜ್ಜನಿಗೆ ಮುಟ್ಟಿಸವ್ವಾ ಎಂದರು. ಸತ್ಯ ಹೇಳಬೇಕಲ್ಲ, ನನ್ನ ಮೊಣಕಾಲಿನ ಹೆಸರಿನಲ್ಲಿ ನಾನೂ ಒಂದು ಕಾಯಿ ಕೊಟ್ಟೆ. ಕೊನೆಗೆ ಮೂಲೆಮನೆಯ ಭಾಗ್ಯಶ್ರೀ ಬಂದಳು. ಅವಳ ಮೂರು ವರ್ಷದ ಮಗುವಿಗೆ ಇನ್ನೂ ಮಾತು ಬಂದಿರಲಿಲ್ಲ. ಕಾಯಿಯನ್ನು ಮಗುವಿನ ಕೈಯಿಂದ ಮುಟ್ಟಿಸಿ ನಾಗರತ್ನಾಳ ಚೀಲದಲ್ಲಿಟ್ಟು, ಕಣ್ಣೊರೆಸಿಕೊಂಡು ಹೋದಳು.

ತನ್ನ ಹರಕೆಯಲ್ಲಿ ನಾಗರತ್ನಾ ಮೋಸ ಮಾಡಬಲ್ಲಳು. ಭಾಗ್ಯಶ್ರೀಯ ಕಾಯಿಯಲ್ಲಿ ಮಾಡಲಾರಳು. ಅಂದು ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಲಿಲ್ಲ. ಹನ್ನೊಂದು ಕಾಯಿಯ ಚೀಲವನ್ನು ಆ ಮಣಿಕಟ್ಟುಗಳಲ್ಲಿ ಹಿಡಿದು, ಗದ್ದುಗೆಯ ನಿಲ್ದಾಣದಲ್ಲೇ ಇಳಿದು ಏರು ದಾರಿ ನಡೆದು ಗದ್ದುಗೆ ಮುಟ್ಟಿದಳು. ಪಾಳಿಯಲ್ಲಿ ನಿಂತು ಒಂದೊಂದೇ ಕಾಯಿ ಒಡೆಸಿದಳು, ಒಬ್ಬೊಬ್ಬರ ಹೆಸರು ಹೇಳಿದಳು. ಮರುದಿನ ಮತ್ತೆ ಒಂಬತ್ತು ಕಾಯಿ. ಅದರ ಮರುದಿನ ಏಳು. ಹೋಗುವಾಗ ಕಾಯಿ ಉರುಳದಂತೆ ಹಿಡಿದುಕೊಂಡು ಕೂಡಬೇಕು, ಬರುವಾಗ ಸೊಂಟದ ಉರಿಗೆ ನಿದ್ದೆ ಹತ್ತುವುದಿಲ್ಲ. ನಾಲ್ಕನೆಯ ದಿನ ಮನೆಗೆ ಬಂದವಳು ಚಪ್ಪಲಿ ಬಿಡಲು ಬಗ್ಗಿದಳು, ಮತ್ತೆ ನೆಟ್ಟಗಾಗಲಿಲ್ಲ. ರಾಜಶೇಖರ ಮತ್ತು ವಿಶಾಲ ಇಬ್ಬರೂ ಹಿಡಿದು ಒಳಗೆ ಕರೆದೊಯ್ದರು. ಐದು ದಿನ ಹಾಸಿಗೆ ಹಿಡಿದಳು.

ನೋಡಿದಿರಾ, ಸುಳ್ಳು ಹರಕೆಗೆ ಮೈ ಹಗುರಾಗಿತ್ತು. ಖರೇ ಹರಕೆ ನೆಲ ಹಿಡಿಸಿತು. ಓಣಿಯವರು ಮಾತ್ರ ಇದನ್ನು ಬೇರೆ ರೀತಿ ಓದಿದರು. "ಅಜ್ಜ ಪರೀಕ್ಷಾ ಮಾಡಾಕತ್ತಾನ." "ನೇಮದಾಗ ಏನೋ ತಪ್ಪೈತಿ." ನನ್ನ ಮೊಣಕಾಲಿನ ನೋವು ಕಡಿಮೆಯಾಗದ್ದಕ್ಕೆ ನಾನೂ ಒಳಗೊಳಗೇ ಅವಳ ಭಕ್ತಿಯ ಮೇಲೆ ಸಂಶಯಪಟ್ಟೆ. ಓದಿದವಳು ನಾನು, ನನಗೇ ನಾಚಿಕೆಯಾಗಬೇಕು.

ರತ್ನವ್ವನವರಿಗೆ ಚಿಂತೆ ಹತ್ತಿತು. ಐದು ದಿನ ತಪ್ಪಿದ್ದರಿಂದ ಹರಕೆ ಮುರಿದಿತ್ತು, ಮತ್ತೆ ಒಂದರಿಂದ ಎಣಿಸಬೇಕು. "ಈ ಸಲ ನಾನೂ ಬರ್ತೇನಿ ನಾಗೂ. ತಪ್ಪು ಎಲ್ಲಿ ಆಗಾಕತ್ತೈತಿ ನಾನ ನೋಡ್ತೇನಿ."

ನಾಗರತ್ನಾ ಲೆಕ್ಕ ಹಾಕಿದಳು. ಅತ್ತೆ ಜೊತೆಗೆ ಬಂದರೆ ದಿನವೂ ಏರು ಹತ್ತಬೇಕು, ನಿದ್ದೆ ಹೋಯಿತು. ನಿಜ ಹೇಳಿದರೆ ಬಸ್ಸೇ ಹೋಯಿತು, ಅದರ ಜೊತೆಗೆ ಇಪ್ಪತ್ತನಾಲ್ಕು ವರ್ಷದ ನಂಬಿಕೆಯೂ ಹೋಯಿತು. ಹೇಗಿದ್ದರೂ ಆ ಎರಡು ತಾಸಿನ ನಿದ್ದೆ ಕೈ ಬಿಡುತ್ತಿತ್ತು. ಆದರೂ ಹೇಳಿಯೇ ಬಿಡುವುದೆಂದು ಗಟ್ಟಿ ಮಾಡಿಕೊಂಡು ಅತ್ತೆಯ ಜೊತೆಗೆ ಬಸ್ಸು ಹತ್ತಿದಳು. ವಿದ್ಯಾನಗರದ ಹತ್ತಿರ ಬಾಯಿ ತೆರೆದಳು.

"ಅತ್ತಿ, ನಿಮಗೊಂದ ಮಾತ ಹೇಳಬೇಕ್ರಿ."

"ಹೇಳು."

"ಸಿಟ್ಟಿಗೇಳಬ್ಯಾಡ್ರಿ..." ಎಂದವಳು ಮುಂದಿನ ಮಾತು ಹುಡುಕುತ್ತ ಕಣ್ಣು ಮುಚ್ಚಿದಳು. ಐದು ದಿನ ರಾತ್ರಿ ಹಗಲು ನಿದ್ದೆಯಿಲ್ಲದ ಜೀವ. ಉಣಕಲ್ಲ ಬರುವ ಮೊದಲೇ ಅವಳ ತಲೆ ಅತ್ತೆಯ ಹೆಗಲಿಗೆ ಬಿತ್ತು.

ಸೊಸೆ ಇಷ್ಟು ಹತ್ತಿರ ಮಲಗಿದ್ದನ್ನು ರತ್ನವ್ವ ಆವರೆಗೆ ನೋಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಹಣೆಯ ಗಂಟು ಬಿಚ್ಚಿತ್ತು, ದಿನವೂ ನೋಯುವ ಬೆರಳುಗಳು ಮಡಿಲಲ್ಲಿ ಸಡಿಲಾಗಿ ಬಿದ್ದಿದ್ದವು. ಗದ್ದುಗೆಗೆ ಇಳಿಯುವ ನಿಲ್ದಾಣ ಬಂತು. ರತ್ನವ್ವ ಎರಡು ಸಲ ಕೈ ಎತ್ತಿದರು, ಎರಡು ಸಲವೂ ಎಬ್ಬಿಸಲಾಗಲಿಲ್ಲ. ಬಾಗಿಲು ಮುಚ್ಚಿತು. ಬಸ್ಸು ಕೊನೆಯ ನಿಲ್ದಾಣಕ್ಕೆ ಹೋಗಿ ನಿಂತಿತು.

ಅಜರುದ್ದೀನ ಒಳಗೆ ಬಂದ. "ಇವತ್ತ ಜೋಡಿ ಕರಕೊಂಡ ಬಂದಾರಲ್ರಿ ಅವ್ವಾರು! ಎಂಟೊಂಬತ್ತ ದಿನ ಆತು, ಕಂಡಿರಲಿಲ್ಲ. ಆರಾಮ ಅದಾರಿಲ್ರಿ?"

"ಈಕಿ ನಿನಗ ಗೊತ್ತೇನಪಾ?"

"ಗೊತ್ತಿಲ್ದ ಏನ್ರಿ? ದಿನಾ ನಾನ ಎಬ್ಬಸಾಂವ. ಮಲಕೊಂಡ ಬರ್ತಾರ, ಆ ಕಡಿ ಟಿಕೆಟ್ ತಗೊಂಡು ಮಲಕೊಂಡ ಹೋಗ್ತಾರ. ಎಬ್ಬಸಾಕ ನಮಗ ಪಾಪ ಅನಸ್ತೈತ್ರಿ. ಮನ್ಯಾಗ ಏನರ ತ್ರಾಸ ಐತೇನ್ರಿ ಅವರಿಗೆ?"

ಆ ಮಾತಿಗೆ ನಾಗರತ್ನಾಳಿಗೆ ಎಚ್ಚರವಾಯಿತು. ಅತ್ತೆಯ ಮುಖ ನೋಡಿದಳು, ಅಜರುದ್ದೀನನ ಮುಖ ನೋಡಿದಳು, ಎಲ್ಲ ಗೊತ್ತಾಗಿದೆ ಎಂದು ತಿಳಿಯಿತು. ಇಳಿದು ನಿಲ್ದಾಣದ ಬೆಂಚಿನ ಮೇಲೆ ಕುಳಿತರು. ಅವಳು ಅಳುತ್ತ ಎಲ್ಲವನ್ನೂ ಹೇಳಿದಳು.

"ನಿದ್ದಿ ಮನ್ಯಾಗ ಯಾಕ ಬರಂಗಿಲ್ಲ, ಬಸ್ಸಿನ್ಯಾಗ ಯಾಕ ಬರ್ತೈತಿ?" ರತ್ನವ್ವನವರ ದನಿಯಲ್ಲಿ ಸಿಟ್ಟು ಇತ್ತು.

"ಬಸ್ಸಿನ್ಯಾಗ ನನ್ನ ಯಾರೂ ಕರಿಯಂಗಿಲ್ರಿ ಅತ್ತಿ."

ರತ್ನವ್ವ ಎದ್ದು, ಸೊಸೆಯನ್ನು ಬೆಂಚಿನ ಮೇಲೆ ಬಿಟ್ಟು, ಒಬ್ಬರೇ ಆಟೋ ಹತ್ತಿ ಗದ್ದುಗೆಗೆ ಹೋಗಿಬಂದರು. ಅಲ್ಲಿ ಏನು ಬೇಡಿಕೊಂಡರೋ ಅವರಿಗೆ ಮತ್ತು ಅಜ್ಜನಿಗೆ ಗೊತ್ತು. ತಿರುಗಿ ಹುಬ್ಬಳ್ಳಿಗೆ ಬರುವಾಗ ಒಂದೇ ಒಂದು ಮಾತಾಡಿದರಂತೆ. "ಕಿಡಕಿ ಕಡಿ ಕೂಡು. ಮಲಕೊ."

ಮುಂದಿನ ಸೋಮವಾರ ಭಜನೆ ಮುಗಿದ ಮೇಲೆ ರತ್ನವ್ವ ಎದ್ದು ನಿಂತರು. ನಾವು ಮಂಗಳಾರತಿಗೆಂದು ಎದ್ದೆವು. ಅವರು ಕೂಡಲು ಹೇಳಿದರು.

"ನನ್ನ ಸೊಸಿ ಮದಲ ಒಂಬತ್ತ ದಿನ ಗದ್ದಗಿಗೆ ಹೋಗಿರಲಿಲ್ಲ. ಬಸ್ಸಿನ್ಯಾಗ ನಿದ್ದಿ ಮಾಡ್ಯಾಳ. ಯಾಕಂದ್ರ ನನ್ನ ಮನ್ಯಾಗ ಆಕಿಗೆ ಹಗಲ ಮಲಗಾಕ ಜಾಗಾ ಇರಲಿಲ್ಲ. ನಾ ಕೊಟ್ಟಿರಲಿಲ್ಲ. ಅಜ್ಜ ಕಣ್ಣ ತೆರದಾನ ಅಂತ ನಿಮಗ ನಾ ಹೇಳಿದ್ದೆ, ಅದು ತಪ್ಪು."

ಹಿಂದಿನಿಂದ ಒಬ್ಬಾಕೆ ಮೆಲ್ಲಗೆ ಕೇಳಿದಳು, "ಹಂಗಾರ ನಮ್ಮ ಕಾಯಿ?"

"ನಿಮ್ಮ ಕಾಯಿ ಎಲ್ಲಾ ಮುಟ್ಟ್ಯಾವ. ಒಂದೂ ಬಿಟ್ಟಿಲ್ಲ. ಅವನ್ನ ಹೊತ್ತಕೊಂಡು ಹೋಗೇ ಆಕಿ ಹಾಸಿಗಿ ಹಿಡದದ್ದು."

ನಾನು ತಲೆ ತಗ್ಗಿಸಿದೆ. ಪಕ್ಕದಲ್ಲಿದ್ದ ಭಾಗ್ಯಶ್ರೀ ಸೆರಗು ಬಾಯಿಗೆ ಹಚ್ಚಿಕೊಂಡು ಅಳುತ್ತಿದ್ದಳು. ಎಪ್ಪತ್ತೈದು ವರ್ಷ ಒಂದು ನೇಮ ಹಿಡಿದು ಬದುಕಿದ ಹೆಂಗಸು, ತಾನು ಹೇಳಿದ್ದು ತಪ್ಪು ಎಂದು ಓಣಿಯ ಮುಂದೆ ಹೇಳುವುದು ಸಣ್ಣ ಮಾತಲ್ಲ. ನಾನು ಸಾಲೆಯಲ್ಲಿ ಎಷ್ಟೋ ತಪ್ಪು ಹೇಳಿಕೊಟ್ಟಿದ್ದೇನೆ, ಒಮ್ಮೆಯೂ ಮಕ್ಕಳ ಮುಂದೆ ಒಪ್ಪಿಕೊಂಡವಳಲ್ಲ.

ಮರುದಿನ ಮಧ್ಯಾಹ್ನ ರತ್ನವ್ವ ತಮ್ಮ ಕೈಯಿಂದಲೇ ನಡುಮನೆಯಲ್ಲಿ ಸೊಸೆಗೆ ಹಾಸಿಗೆ ಹಾಸಿದರು. ನಾಗರತ್ನಾ ಮಲಗಿದಳು, ನಿದ್ದೆ ಬರಲಿಲ್ಲ. ಈಗ ಕರೆದಾರು, ಇನ್ನೇನು ಕರೆದಾರು ಎಂದು ಕಿವಿ ನಿಮಿರಿಯೇ ಇತ್ತು. ಎರಡನೆಯ ದಿನವೂ ಹಾಗೆಯೇ ಆಯಿತು. "ಬಸ್ಸಿಗೇ ಹೋಗ್ತೀಯೇನವಾ?" ಎಂದು ರತ್ನವ್ವ ಕೇಳಿದರಂತೆ. ಇನ್ನೊಂದು ದಿನ ನೋಡುತ್ತೇನೆ ಎಂದಳಂತೆ ಅವಳು.

ಮೂರನೆಯ ದಿನ ಎರಡೂವರೆಯ ಹೊತ್ತಿಗೆ ನಾನು ಬುತ್ತಿ ಡಬ್ಬಿ ಕೊಡಲೆಂದು ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ರತ್ನವ್ವ ಅಡಿಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದರು. ಮಗ ಬೇಗ ಬರುತ್ತೇನೆಂದು ಫೋನು ಮಾಡಿದ್ದನೇನೋ, ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು. ಅವರು ಸಕ್ಕರೆಯ ಡಬ್ಬಿ ಹುಡುಕುತ್ತಿದ್ದರು. ಒಂದು ಮುಚ್ಚಳ ತೆಗೆದರು, ಬೇಳೆ. ಇನ್ನೊಂದು ತೆಗೆದರು, ರವೆ. ಮೂರನೆಯದರಲ್ಲಿ ಉಪ್ಪು. ಇಪ್ಪತ್ತನಾಲ್ಕು ವರ್ಷದಿಂದ ಆ ಡಬ್ಬಿ ಎಲ್ಲಿರುತ್ತದೆಂದು ತಿಳಿದುಕೊಳ್ಳುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ಬೇಸತ್ತು ನಡುಮನೆಯ ಕಡೆ ತಿರುಗಿ ದೊಡ್ಡದಾಗಿ ಬಾಯಿ ತೆರೆದರು.

"ನಾ..."

ಅಷ್ಟಕ್ಕೇ ಸರಕ್ಕನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, ಬಾಯಿಯ ಮೇಲಿನ ಕೈ ತೆಗೆಯದೆ, ಇನ್ನೊಂದು ಕೈಯಿಂದ ಸುಮ್ಮನಿರಲು ಸನ್ನೆ ಮಾಡಿದರು. ಇಬ್ಬರೂ ಕಿವಿಗೊಟ್ಟು ನಿಂತೆವು. ಒಳಗಿನಿಂದ ಸಣ್ಣಗೆ ಗೊರಕೆ ಕೇಳುತ್ತಿತ್ತು. ರತ್ನವ್ವನವರ ಕಣ್ಣು ತುಂಬಿ ಬಂದವು. ಅವರು ಒಲೆ ಆರಿಸಿ, ಸದ್ದಾಗದಂತೆ ಮುಂದಿನ ಡಬ್ಬಿಯ ಮುಚ್ಚಳ ತೆಗೆಯತೊಡಗಿದರು.